ನೀರು ನಿಂತ ಎತ್ತರ

ಹೇಳಿಬಿಡಬೇಕು. ಇವತ್ತೇ, ಪಾಪು ಕುಡಿದು ಮುಗಿಸಿದ ಕೂಡಲೇ, ಮುಖ ನೋಡದೆ ಹೇಳಿಬಿಡಬೇಕು.

ಪಾಪುವಿಗೇನೂ ಅವಸರವಿರಲಿಲ್ಲ. ಕುರ್ಚಿಯಲ್ಲಿ ಕೂತು ಹಾಲೂಡುತ್ತಿದ್ದ ಗುಬ್ಬಿಯ ಹಳೆಯ ಶಾಲಿನೊಳಗೆ ಅಡಗಿ, ಗುಟುಕು ಗುಟುಕಾಗಿ ಸದ್ದು ಮಾಡುತ್ತ ಕುಡಿಯುತ್ತಿತ್ತು. ಹೆತ್ತವಳು ಎದುರಿನ ಮಂಚದ ಮೇಲೆ ಕೈಕಟ್ಟಿ ಕೂತು ಆ ಸದ್ದು ಕೇಳುತ್ತಿದ್ದಳು. ತನ್ನ ಮನೆಯಲ್ಲಿ ತಾನೇ ಸರದಿಗೆ ಕಾಯುತ್ತಿರುವ ಹಾಗಿತ್ತು.

ಪ್ರವಾಹ ಬಂದಾಗ ಪಾಪುವಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ದೋಣಿಯವರು ಅವರನ್ನು ಮಹಡಿಯಿಂದ ಇಳಿಸಿ, ಶಾಲೆಯಲ್ಲಿ ತೆರೆದಿದ್ದ ಪರಿಹಾರ ಶಿಬಿರಕ್ಕೆ ತಂದು ಬಿಟ್ಟಿದ್ದರು. ಅಲ್ಲಿ ಅವಳ ಎದೆಹಾಲು ಮೊದಲು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಡಾಕ್ಟರು "ಟೆನ್ಷನ್ ಮಾಡ್ಕೋಬೇಡಿ" ಎಂದು ಹೇಳಿ ಮುಂದಿನ ಚಾಪೆಗೆ ಹೋದರು. ಮುಂದಿನ ಚಾಪೆಯಲ್ಲಿದ್ದವಳು ಗುಬ್ಬಿ. ಚಿಕ್ಕ ಆಳೆಂದು ಶಿಬಿರದವರೆಲ್ಲ ಹಾಗೆ ಕರೆಯುತ್ತಿದ್ದರು. ಅವಳ ಕೂಸು ಅದೇ ವಾರ ಜ್ವರಕ್ಕೆ ತೀರಿಕೊಂಡಿತು. ಹಾಲು ಮಾತ್ರ ಉಳಿಯಿತು. ಯಾರೂ ಕೂತು ಮಾತಾಡಿ ತೀರ್ಮಾನಿಸಿದ್ದಲ್ಲ. ಪಾಪು ಅತ್ತಿತು, ಗುಬ್ಬಿ ಕೈ ಚಾಚಿದಳು, ಇವಳು ಕೊಟ್ಟಳು.

ಮನೆಗೆ ಮರಳಿದ ಮೇಲೂ ಪಾಪು ಬಾಟಲಿ ಮುಟ್ಟಲಿಲ್ಲ. ಗುಬ್ಬಿ ಶಿಬಿರದಿಂದ ನಡೆದು ಬಂದು ಹೋಗುತ್ತಿದ್ದಳು. ಕತ್ತಲಾದರೆ ನಡುಮನೆಯಲ್ಲೇ ಮಲಗುತ್ತಿದ್ದಳು. ಶಿಬಿರದಲ್ಲಿ "ಅಕ್ಕ" ಎನ್ನುತ್ತಿದ್ದವಳು ಈ ಹೊಸ್ತಿಲು ದಾಟಿದ ದಿನದಿಂದ "ಮೇಡಂ" ಎನ್ನತೊಡಗಿದ್ದಳು. ಅದರಿಂದ ಇವಳಿಗೆ ಸಮಾಧಾನವಾಗಿತ್ತು. ಸಮಾಧಾನವಾಯಿತಲ್ಲ ಎಂದು ನಾಚಿಕೆಯೂ ಆಗಿತ್ತು.

ಇವಳು ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಹೇಳುವವಳು. ಕೆನ್ನೆಗೆ ಏನು ತಾಗಿದರೂ ಕೂಸು ಬಾಯಿ ಆ ಕಡೆ ತಿರುಗಿಸುತ್ತದೆ, ಅದಕ್ಕೆ ಪ್ರೀತಿಯೇನೂ ಬೇಕಿಲ್ಲ. ಆದರೆ ತಾಯಿಯನ್ನು ಅದು ಗುರುತು ಹಿಡಿಯುವುದು ವಾಸನೆಯಿಂದ. ಇದನ್ನು ಅವಳು ಎಷ್ಟು ಚೆನ್ನಾಗಿ ಹೇಳುತ್ತಿದ್ದಳೆಂದರೆ ಹಿಂದಿನ ಬೆಂಚಿನವರೂ ಹರಟೆ ನಿಲ್ಲಿಸುತ್ತಿದ್ದರು. ನಿನ್ನೆ ಇದ್ದಕ್ಕಿದ್ದಂತೆ ಆ ಪಾಠವೇ ನೆನಪಾಗಿ ಉಪಾಯ ಹೊಳೆದಿತ್ತು. ಗುಬ್ಬಿ ಮೈಮೇಲೆ ಹೊದ್ದ ಶಾಲನ್ನು ತಾನು ಹೊದ್ದು ಬಾಟಲಿ ಹಿಡಿದರೆ ಪಾಪು ಕುಡಿದೀತು. ಕ್ರಮೇಣ ಆ ಶಾಲಿಗೆ ತನ್ನದೇ ವಾಸನೆ ಹತ್ತೀತು. ಪ್ರವಾಹದ ನಂತರ ಮೊದಲ ಸಲ ತಾನು ಓದಿದವಳೆನಿಸಿತ್ತು.

"ಈ ಶಾಲು ನನಗೆ ಕೊಡ್ತೀಯಾ?"

"ಇದಾ ಮೇಡಂ? ಒಗೆದೂ ಇಲ್ಲ ಇದನ್ನ."

"ಒಗೀಬಾರದು. ಹಾಗೇ ಬೇಕು. ಬದಲಿಗೆ ಹೊಸದು ತಂದಿಟ್ಟಿದ್ದೀನಿ."

ಗುಬ್ಬಿ ಹೊಸ ಶಾಲನ್ನು ನೋಡಿದಳು. ಮುಟ್ಟಲಿಲ್ಲ.

"ಇನ್ನು ಬರೋದು ಬೇಡ್ವಾ?"

"ಹಾಗಲ್ಲ... ಪಾಪುಗೆ ಅಭ್ಯಾಸ ಆಗ್ಲಿ ಅಂತ."

"ನಮ್ಮೋರೂ ಹೊರಡೋಣ ಅಂತ ಹಟ ಹಿಡಿದಿದ್ದಾರೆ. ಅವರಣ್ಣ ಎಲ್ಲೋ ಕೆಲಸ ನೋಡಿದ್ದಾರಂತೆ. ನಾನೇ ಇವತ್ತು ನಾಳೆ ಅಂತ ತಳ್ತಾ ಇದ್ದೆ."

"ಒಳ್ಳೇದಾಯ್ತಲ್ಲ."

"ಹೂಂ. ಒಳ್ಳೇದೇ ಆಯ್ತು."

ಗುಬ್ಬಿ ಪಾಪುವಿನ ಬಾಯಿ ಒರೆಸಿ ಮಂಚದ ಮೇಲೆ ಮಲಗಿಸಿದಳು. ಮುದ್ದು ಮಾಡಲಿಲ್ಲ. ಒಮ್ಮೆಯಾದರೂ ಮುದ್ದು ಮಾಡಿದ್ದರೆ ಅವಳನ್ನು ದ್ವೇಷಿಸುವುದು ಸುಲಭವಾಗುತ್ತಿತ್ತು. ಹಳೆಯ ಶಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟು, ಹೊಸದನ್ನು ಅಲ್ಲೇ ಬಿಟ್ಟು, ಬರಿ ಭುಜದಲ್ಲಿ ಹೊರಟುಹೋದಳು.

ಹೆತ್ತವಳು ಸ್ನಾನ ಮುಗಿಸಿ ಬಂದಾಗ ಕುರ್ಚಿ ಖಾಲಿಯಿತ್ತು.

ಹಿತ್ತಲಲ್ಲಿ ಅತ್ತೆ ದೊಡ್ಡ ಪಾತ್ರೆಯ ಮುಂದೆ ನಿಂತು ಕೋಲಿನಿಂದ ಏನನ್ನೋ ಅದ್ದುತ್ತಿದ್ದರು. ಪ್ರವಾಹದ ನಂತರ ಅತ್ತೆ ಎಲ್ಲವನ್ನೂ ಕುದಿಸುತ್ತಿದ್ದರು: ಚಮಚ, ಬಾಚಣಿಗೆ, ಬೀಗದಕೈ. ಒಂದು ದಿನ ಮಗನ ಕನ್ನಡಕವನ್ನೂ ಕುದಿಸಿ, ಅವನು ಬೈದದ್ದಕ್ಕೆ ಅತ್ತಿದ್ದರು. ಪಾತ್ರೆಯಿಂದ ಸೋಪಿನ ಪುಡಿಯ, ಆಸ್ಪತ್ರೆಯ ಔಷಧಿಯ ಘಾಟು ಬರುತ್ತಿತ್ತು.

"ಅಯ್ಯೋ ಅತ್ತೆ, ಏನು ಮಾಡಿಬಿಟ್ರಿ!"

"ಏನಾಯ್ತೀಗ? ಶಿಬಿರದ ಬಟ್ಟೆ ಕಣಮ್ಮ ಅದು. ಊರವರ ಕೆಮ್ಮು ನೆಗಡಿ ಎಲ್ಲಾ ಅದರಲ್ಲೇ. ಎರಡು ನೀರು ಕುದಿಸಿದೀನಿ, ಇನ್ನೇನೂ ಭಯ ಇಲ್ಲ."

ಉಪಾಯವನ್ನು ಅವಳು ಯಾರಿಗೂ ತಿಳಿಸಿರಲಿಲ್ಲ. ಗೆದ್ದರೆ ತಾನೊಬ್ಬಳೇ ಗೆಲ್ಲಬೇಕೆಂಬ ಆಸೆಯಿತ್ತು.

ಮಧ್ಯಾಹ್ನ ಪಾಪು ಎದ್ದಿತು. ಒದ್ದೆ ಶಾಲನ್ನೇ ಹೊದ್ದು ಬಾಟಲಿ ಹಿಡಿದಳು. ಪಾಪು ಮೂಗು ಅರಳಿಸಿ, ಮುಖ ಕಿವುಚಿ, ಅಪರಿಚಿತರ ಕೈಗೆ ಸಿಕ್ಕಿದ ಹಾಗೆ ಕಿರುಚಿತು. ಚಮಚದಲ್ಲಿ ಹಾಕಿದ ಹಾಲು ಕಟವಾಯಿಯಿಂದ ಇಳಿದು ಕುತ್ತಿಗೆಯ ಮಡಿಕೆಯಲ್ಲಿ ನಿಂತಿತು. ಕೊನೆಗೆ ಕುಪ್ಪಸ ಬಿಚ್ಚಿ ತನ್ನ ಬತ್ತಿದ ಎದೆಗೇ ಒತ್ತಿಕೊಂಡಳು. ಎರಡು ಸಲ ಎಳೆದು, ಏನೂ ಬಾರದೆ, ಅದು ಇನ್ನಷ್ಟು ಜೋರಾಗಿ ಅತ್ತಿತು. ಅವಳಿಗೆ ಮೊದಲು ಭಯವಾಯಿತು, ಆಮೇಲೆ ಕೂಸಿನ ಮೇಲೆಯೇ ಸಿಟ್ಟು ಬಂತು.

ಗಂಡ ಮಲಗುವ ಕೋಣೆಯ ಗೋಡೆಗೆ ಬಣ್ಣ ಬಳಿಯುತ್ತಿದ್ದ. ನೀರು ನಿಂತಿದ್ದ ಎತ್ತರಕ್ಕೆ ಮನೆಯಿಡೀ ಒಂದು ಕಂದು ಗೆರೆ ಉಳಿದಿತ್ತು. ಎಷ್ಟು ಸಲ ಬಳಿದರೂ ಒಂದೆರಡು ದಿನಕ್ಕೆ ಬಣ್ಣದೊಳಗಿಂದ ಅದು ಮತ್ತೆ ಮೂಡುತ್ತಿತ್ತು. ಅವನು ಮತ್ತೆ ಬಳಿಯುತ್ತಿದ್ದ. ಅವರಿಬ್ಬರ ನಡುವೆ ಇತ್ತೀಚೆಗೆ ಉಳಿದಿದ್ದ ಮಾತೆಂದರೆ ಆ ಗೆರೆಯದ್ದೇ.

"ಗುಬ್ಬೀನ ಕರ್ಕೊಂಡು ಬನ್ನಿ."

"ನೀನೇ ತಾನೆ ಬೇಡ ಅಂದಿದ್ದು?"

"ಹೋಗಿ ಅಂದ್ನಲ್ಲ."

ಅವನು ಕೈ ಒರೆಸಿಕೊಂಡು ಸ್ಕೂಟರು ತೆಗೆದ. ಅವನು ಬರುವಷ್ಟರಲ್ಲಿ ಪಾಪುವಿನ ದನಿ ಒಡೆದಿತ್ತು.

"ಹೊರಟುಹೋದ್ರಂತೆ. ಗಂಡ ಬಸ್ಸು ಹತ್ತಿಸಿಕೊಂಡು ಹೋದನಂತೆ."

"ಯಾವ ಊರಿಗೆ?"

"ಯಾರಿಗೂ ಗೊತ್ತಿಲ್ಲ. ಅವರ ಫೋನಾದರೂ ಎಲ್ಲಿದೆ, ನೀರಲ್ಲೇ ಹೋಯ್ತಲ್ಲ."

"ಬಸ್ ಸ್ಟ್ಯಾಂಡಲ್ಲಿ ವಿಚಾರಿಸಬೇಕಿತ್ತು."

"ಏನಂತ ವಿಚಾರಿಸಲಿ? ಗುಬ್ಬಿ ಅಂತಾನಾ?"

ಇಷ್ಟು ದಿನ ತನ್ನ ಕೂಸಿನ ಜೀವ ಹಿಡಿದಿಟ್ಟವಳ ಹೆಸರು ಅವಳಿಗೂ ಗೊತ್ತಿರಲಿಲ್ಲ. ಕೇಳಬೇಕೆನಿಸಿಯೇ ಇರಲಿಲ್ಲ.

"ನಾಳೆ ಡಾಕ್ಟರ ಹತ್ರ ಹೋಗೋಣ," ಎಂದ ಗಂಡ. ಡಾಕ್ಟರು ಏನು ಹೇಳುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಅವನು ಬಣ್ಣದ ಡಬ್ಬಿಯ ಮುಚ್ಚಳ ಹಾಕಿ ಹೊರಗೆ ಹೋಗಿ ಕೂತ.

ಸಂಜೆ ಕೋಣೆ ಮಬ್ಬಾಯಿತು. ಅವಳು ಪಾಪುವನ್ನು ಎತ್ತಿಕೊಂಡು ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ ಓಡಾಡಿದಳು. ಅಳು ಈಗ ಬರೀ ಉಸಿರಾಗಿತ್ತು. ಕಾಲು ಸೋತು ಗೋಡೆಗೆ ಭುಜ ಕೊಟ್ಟು ನಿಂತಳು. ಬಣ್ಣ ಆಗಲೇ ಉಬ್ಬಿತ್ತು. ಗೆರೆ ಮತ್ತೆ ಬೆವರುತ್ತಿತ್ತು, ಸರಿಯಾಗಿ ಅವಳ ಎದೆಯ ಎತ್ತರಕ್ಕೆ.

ಪಾಪುವಿನ ಕೆನ್ನೆ ಗೋಡೆಗೆ ತಾಗಿತು.

ಅಳು ನಿಂತಿತು. ಪಾಪು ಮುಖ ಹೊರಳಿಸಿ, ಬಾಯಿ ತೆರೆದು ಹುಡುಕಿ, ಆ ಒದ್ದೆ ಗೆರೆಯನ್ನು ಕಚ್ಚಿಕೊಂಡು ಚೀಪತೊಡಗಿತು. ಕಣ್ಣು ಮುಚ್ಚಿತ್ತು. ಪುಟ್ಟ ಕೈ ಗೋಡೆಯ ಮೇಲೆ ಚಾಚಿಕೊಂಡಿತ್ತು.

"ಸದ್ದೇ ಇಲ್ಲವಲ್ಲ, ಕುಡೀತಾ ಇದೆಯಾ?" ಅತ್ತೆ ಹೊರಗಿನಿಂದ ಕೂಗಿದರು. "ನೋಡು, ಅಭ್ಯಾಸ ಆಗತ್ತೆ ಅಂದಿದ್ದೆ."

ಎಳೆದುಕೊಳ್ಳಬೇಕು, ಬಾಯಿಗೆ ಬಣ್ಣ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಮತ್ತೆ ಅತ್ತರೆ? ಅವಳು ಉಸಿರು ಬಿಗಿಹಿಡಿದು, ಪಾಪುವನ್ನು ಗೋಡೆಗೆ ಹಿಡಿದುಕೊಂಡು, ಅಲುಗಾಡದೆ ನಿಂತಳು.