ಅರ್ಧ ರಿಂಗಿನ ಮಿಸ್ಡ್ ಕಾಲ್

ಮುಂಡಾಜೆಯ ಗುಡ್ಡದ ಮೇಲಿನ ಮನೆಗಳಿಗೆ ಕುಡಿಯುವ ನೀರು ಹತ್ತಿಸುವ ಪಂಪು ಕೆಳಗೆ ಹೊಳೆಬದಿಯಲ್ಲಿತ್ತು. ಅದನ್ನು ಚಾಲೂ ಮಾಡುವುದು ಪೂವಮ್ಮನ ಕೆಲಸ. ಮೊಣಕಾಲು ಕೈಕೊಟ್ಟ ಮೇಲೂ ಅವರು ಕೋಲೂರಿಕೊಂಡು ದಿನಾ ಇಳಿದು ಹತ್ತುತ್ತಿದ್ದರು. ಅದನ್ನು ತಪ್ಪಿಸಲೆಂದೇ ಗುರುವಾಯನಕೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿ ಇಟ್ಟಿದ್ದ ತೃಪ್ತಿ ಪಂಪಿಗೆ ಒಂದು ಡಬ್ಬಿ ಮಾಡಿ ಕೂರಿಸಿದ್ದಳು. ಅದರೊಳಗೆ ಒಂದು ಸಿಮ್, ಒಂದು ಚಿಪ್. ಮಿಸ್ಡ್ ಕಾಲ್ ಕೊಟ್ಟರೆ ಪಂಪು ತಿರುಗಬೇಕು, ಇನ್ನೊಂದು ಕೊಟ್ಟರೆ ನಿಲ್ಲಬೇಕು.

ತಿರುಗುತ್ತಿತ್ತು, ಮನಸ್ಸು ಬಂದ ದಿನ. ಉಳಿದ ದಿನ ಪೂವಮ್ಮ ಮತ್ತೆ ಕೋಲು ಹುಡುಕಬೇಕು. ತೃಪ್ತಿ ಬಂದು ತನ್ನ ಫೋನಿನಿಂದ ಕರೆದರೆ ಮಾತ್ರ ಡಬ್ಬಿ ಒಳ್ಳೆಯ ಮಗುವಿನಂತೆ ಓಗೊಡುತ್ತಿತ್ತು. ಬೆಸುಗೆ ಬಿಚ್ಚಿ ಹಾಕಿದಳು, ಸಿಮ್ ಬದಲಿಸಿದಳು, ಪ್ರಯೋಜನವಾಗಲಿಲ್ಲ.

ಕೊನೆಗೆ ನೀರಿನ ಸಮಿತಿಯ ಲತೇಶ ಪೂವಮ್ಮನ ಅಂಗಳದಲ್ಲೇ ನಿಂತು ಹೇಳಿದ: "ಇವತ್ತು ಸರಿಯಾಗದಿದ್ರೆ ಬಿಚ್ಚಿ ಕೊಂಡುಹೋಗು ಮಾರಾಯ್ತಿ. ಪೂವಮ್ಮಕ್ಕ ಮೊದಲಿನ ಹಾಗೆ ಇಳೀತಾರೆ."

ಇಳಿಯುವುದು ಅವನಲ್ಲವಲ್ಲ! ತೃಪ್ತಿಗೆ ಮೈಯೆಲ್ಲ ಉರಿಯಿತು.

"ಅಕ್ಕಾ, ನೀವೇ ಒಮ್ಮೆ ಕಾಲ್ ಮಾಡಿ. ನಾನು ನೋಡ್ತೇನೆ" ಎಂದಳು.

ಪೂವಮ್ಮ ಗುಂಡಿ ಒತ್ತಿ, ಫೋನನ್ನು ಕಿವಿಗಿಟ್ಟು, ರಿಂಗಿನ ಸದ್ದು ಕೇಳಿತೋ ಇಲ್ಲವೋ, ಹೆಬ್ಬೆರಳಲ್ಲಿ ಟಕ್ಕನೆ ಕತ್ತರಿಸಿದರು. ಪಂಪು ಉಸಿರೆತ್ತಲಿಲ್ಲ.

"ಅಷ್ಟು ಬೇಗ ಯಾಕೆ ಕಟ್ ಮಾಡಿದ್ದು?"

"ಎತ್ತಿಬಿಟ್ರೆ? ದುಬೈಯ ತಮ್ಮನಿಗೂ ನಾನು ಹೀಗೆಯೇ ಕೊಡುವುದು. ಈವರೆಗೆ ಒಂದು ಸರ್ತಿಯೂ ಎತ್ತಲಿಕ್ಕೆ ಬಿಡಲಿಲ್ಲ" ಎಂದು ಪೂವಮ್ಮ ಹೆಮ್ಮೆಯಿಂದ ಹೇಳಿದರು. ಕರೆ ಪುಕ್ಕಟೆಯಾಗಿ ಎಷ್ಟೋ ಕಾಲವಾಗಿದ್ದರೂ ಆ ಹೆಬ್ಬೆರಳಿಗೆ ಸುದ್ದಿ ಮುಟ್ಟಿರಲಿಲ್ಲ.

ತೃಪ್ತಿ ಜಗಲಿಯ ಮೇಲೆ ಕೂತುಬಿಟ್ಟಳು. ಅವಳು ಯಾವಾಗಲೂ ಕರೆ ಪೂರ್ತಿ ರಿಂಗಾಗುವವರೆಗೆ ಬಿಡುವವಳು. ಚಿಪ್ ಮಾಡಿದವರೇ ಅದರ ಹುಟ್ಟುದೋಷಗಳನ್ನು ಬರೆದು ಪ್ರಕಟಿಸಿದ್ದರು. ಅವಳು ಅದನ್ನು ಒಮ್ಮೆ ಮೇಲ್ಮೇಲೆ ಓದಿ ಬಿಟ್ಟಿದ್ದಳು. ಈಗ ನೆನಪಾಯಿತು. ಬ್ಯಾಟರಿ ಉಳಿಸಲು ಈ ಚಿಪ್ ನಿದ್ದೆ ಮಾಡುತ್ತದೆ. ಸರಿಯಾಗಿ ಕಣ್ಣು ಮುಚ್ಚುವ ಕ್ಷಣದಲ್ಲಿ ಕರೆದರೆ ಮಾತ್ರ ಅದಕ್ಕೆ ಕೇಳಿಸುವುದಿಲ್ಲ. ಕರೆ ಬರುವ ಮುಂಚೆ ಸಿಮ್ಮಿನ ಕಡೆಯಿಂದ ಬರುವ ಸಣ್ಣ ಸಂಕೇತಕ್ಕೆ ಅದು ಎಚ್ಚರಾಗಿ, ಯಾರೂ ಇಲ್ಲವೆಂದು ಮತ್ತೆ ಮಲಗುತ್ತಿತ್ತು. ಎಷ್ಟೋ ಸಲ ಅಷ್ಟರಲ್ಲೇ ಮೊದಲ ರಿಂಗು ಬಂದು ವ್ಯರ್ಥವಾಗುತ್ತಿತ್ತು. ಎರಡನೆಯದಕ್ಕೆ ಖಂಡಿತ ಏಳುತ್ತಿತ್ತು. ಪೂವಮ್ಮ ಎರಡನೆಯದು ಕೊಟ್ಟರೆ ತಾನೆ!

ಕಥೆ ಕೇಳಿದ ಲತೇಶ, "ಹಾಗಾದ್ರೆ ಉದ್ದ ರಿಂಗ್ ಕೊಡ್ಲಿಕ್ಕೆ ಹೇಳುವ, ಮುಗೀತಲ್ಲ" ಎಂದ.

"ಆಗುದಿಲ್ಲ ಲತೇಶಣ್ಣ. ತಪ್ಪು ಚಿಪ್ಪಿನದ್ದು. ಅಕ್ಕನ ಬೆರಳನ್ನು ಯಾಕೆ ತಿದ್ದುವುದು?"

ಹುಟ್ಟುಗುಣ ಸುಟ್ಟರೂ ಹೋಗದು. ಆದರೆ ಸುತ್ತಿ ಹೋಗಲು ದಾರಿ ಉಂಟು. ಒಮ್ಮೆ ಎಚ್ಚರಾದರೆ ಕೂಡಲೇ ಮಲಗಬೇಡ, ಒಂದು ಆಕಳಿಕೆಯಷ್ಟು ಹೊತ್ತು ಕಾದು, ಯಾರಾದರೂ ಕರೆದರೇ ಎಂದು ಇನ್ನೊಮ್ಮೆ ನೋಡಿ ಮಲಗು. ತೃಪ್ತಿ ಲ್ಯಾಪ್‌ಟಾಪ್ ಹಿಡಿದು ಹೊಳೆಬದಿಗೆ ಓಡಿ, ಈ ಬುದ್ಧಿಮಾತನ್ನು ಪ್ರೋಗ್ರಾಮಿನಲ್ಲಿ ಬರೆದು ಚಿಪ್ಪಿಗೆ ತುಂಬಿದಳು. ಏದುಸಿರು ಬಿಡುತ್ತ ಮೇಲೆ ಬಂದು ಪೂವಮ್ಮನಿಗೆ ಕೈಸನ್ನೆ ಮಾಡಿದಳು.

ಗುಂಡಿ ಒತ್ತಿ, ಟಕ್.

ಸ್ವಲ್ಪ ಹೊತ್ತಿಗೆ ಅಂಗಳದಾಚೆಯ ಖಾಲಿ ಟ್ಯಾಂಕಿಯೊಳಗೆ ನೀರು ದಬದಬನೆ ಬಿತ್ತು. ತೃಪ್ತಿ ಕೂಗಿದ ಕೂಗಿಗೆ ಪಕ್ಕದ ಮನೆಯವರು ಹೊರಗೆ ಬಂದರು.

ಲತೇಶನಿಗೆ ನಂಬಿಕೆ ಬರಲಿಲ್ಲ. ಪಂಪು ನಿಲ್ಲಿಸಿ ಮತ್ತೆ ಕರೆಸಿದ, ತಾನೂ ಕರೆದ. ಪೂವಮ್ಮನಂತೂ ಹಟಕ್ಕೆ ಬಿದ್ದು, ರಿಂಗು ಬಾಯಿ ತೆರೆಯುವ ಮೊದಲೇ ಕತ್ತರಿಸಲು ನೋಡಿದರು. ರಿಂಗು ಚೂರು ಮುಟ್ಟಿದರೂ ಸಾಕು, ಪಂಪು ಎದ್ದು ಕೂರುತ್ತಿತ್ತು. ಕಡೆಗೆ ಲತೇಶನೇ ನಕ್ಕುಬಿಟ್ಟ: "ಸೋತೆ ಮಾರಾಯ್ತಿ. ಡಬ್ಬಿ ಇಲ್ಲೇ ಇರ್ಲಿ."

ಪೂವಮ್ಮ ಒಳಗೆ ಹೋಗಿ ಬಾಗಿಲ ಹಿಂದಿನ ಕೋಲು ತಂದರು. ತೃಪ್ತಿ ಅಡ್ಡ ನಿಂತಳು.

"ಎಲ್ಲಿಗೆ ಅಕ್ಕಾ? ಇನ್ನು ಇಳಿಯುವುದು ಬೇಡ!"

"ಯಾರು ಇಳಿಯುವುದು?" ಎನ್ನುತ್ತ ಪೂವಮ್ಮ ಹಿತ್ತಿಲಿಗೆ ನಡೆದು, ವಾಲಿದ್ದ ಬಸಳೆ ಚಪ್ಪರದ ಅಡಿಗೆ ಆ ಕೋಲನ್ನು ಗಟ್ಟಿಯಾಗಿ ಊರಿದರು. "ಇವತ್ತಿಂದ ಇದು ಇಲ್ಲಿಗೆ."