ಹನ್ನೊಂದು ಪುಟಗಳ ಕಾರಣ

ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಆ ಕಂಪನಿಯಲ್ಲಿ ಅವಳು ಹದಿನಾಲ್ಕು ವರ್ಷಗಳಿಂದ ದಾಖಲೆ ಬರೆಯುತ್ತಿದ್ದಳು. ಒಂದು ಸಾಲು ಕೋಡ್ ಹುಟ್ಟುವ ಮೊದಲೇ ಇನ್ನೂರು ಪುಟದ ವಿವರಣೆ ಸಿದ್ಧವಾಗಬೇಕು, ನಿರ್ದೇಶಕರು ಪುಟಪುಟಕ್ಕೂ ಸಹಿ ಹಾಕಬೇಕು. ಆ ದಪ್ಪ ಕಡತವೇ ಅವಳ ಅನ್ನ.

ಅಷ್ಟರಲ್ಲಿ ಅಜೈಲ್ ಎಂಬ ಹೊಸ ಪದ್ಧತಿ ಬಂತು. ಎರಡೆರಡು ವಾರಕ್ಕೆ ಒಂದು ಸಣ್ಣ ಭಾಗ ಮಾಡು, ಬಳಸುವವರಿಗೆ ತೋರಿಸು, ಬೈಸಿಕೊ, ತಿದ್ದು. ಇದನ್ನು ತಂದವನು ತಂಡದ ಮುಖ್ಯಸ್ಥ. ನಡೆದರೂ ಓಡಿದಂತೆ ಕಾಣುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಗಡಿಬಿಡಿ. ನಿರ್ದೇಶಕರು ಮೂರು ತಿಂಗಳು ನೋಡೋಣ ಎಂದರು. ಸರಿಹೋಗದಿದ್ದರೆ ಮತ್ತೆ ಹಳೆಯ ಪದ್ಧತಿಯೇ.

"ಇದು ಗೆದ್ದರೆ ನನ್ನ ಕೆಲಸ ಹೋಗತ್ತೆ," ಎಂದಳು ಗಂಡನ ಬಳಿ.

"ಆಗದೇ ಇರೋದಕ್ಕೆ ಮುಂಗಡ ಅಳೋದನ್ನ ನಿನ್ನಿಂದ ಕಲೀಬೇಕು," ಎಂದ ಅವನು, ಒಗೆದ ಬಟ್ಟೆ ಮಡಚುತ್ತ.

ಮರುದಿನ ಗಡಿಬಿಡಿ ಅವಳ ಮೇಜಿನ ಬಳಿ ಬಂದು ನಿಂತ. "ಅಕ್ಕ, ಬೆಳಿಗ್ಗೆ ನಿಂತೇ ಮಾಡೋ ಸಭೆಗೆ ನೀವೂ ಬರಬೇಕು. ದಿನಾ."

"ನಾನು ಬಂದು ಏನು ಮಾಡಲಪ್ಪ?"

"ಕೇಳಿಸ್ಕೊಳ್ಳಿ ಸಾಕು. ನಮ್ಮಲ್ಲಿ ಕಿವಿ ಇರೋರು ಯಾರೂ ಇಲ್ಲ, ಎಲ್ಲರಿಗೂ ಬರೀ ಬಾಯಿ."

ಹೋದಳು. ಕಡತದ ಕಾಟ ತಪ್ಪಿದ ಹುರುಪಿನಲ್ಲಿ ತಂಡದವರು ಬರೆಯುವುದನ್ನೇ ಬಿಟ್ಟಿದ್ದರು. ಚರ್ಚೆಯೆಲ್ಲ ಬಿಳಿ ಹಲಗೆಯ ಮೇಲೆ. ಎರಡು ವಾರದ ಒಂದು ಸುತ್ತು ಮುಗಿದ ದಿನ ಒಬ್ಬರು ಹಲಗೆ ಒರೆಸುವುದು, ಉಳಿದವರು ಚಪ್ಪಾಳೆ ತಟ್ಟುವುದು. ಅವಳು ಮಾತ್ರ ಚಪ್ಪಾಳೆ ತಟ್ಟುತ್ತಿರಲಿಲ್ಲ. ಏನು ಮಾಡಿದರೆಂಬುದು ಪರದೆಯಲ್ಲಿ ಕಾಣುತ್ತದೆ, ಏಕೆ ಮಾಡಿದರೆಂಬುದು? ಒರೆಸುವ ಮೊದಲೇ ಅವಳು ಕಾರಣಗಳನ್ನಷ್ಟೇ ಬರೆದಿಟ್ಟುಕೊಳ್ಳತೊಡಗಿದಳು. ಮೂರು ತಿಂಗಳಿಗೆ ಹನ್ನೊಂದು ಪುಟವಾಯಿತು.

ತೀರ್ಮಾನದ ದಿನ ನಿರ್ದೇಶಕರ ಪಕ್ಕದಲ್ಲಿ ಆಸ್ಪತ್ರೆಯ ಹಿರಿಯ ನರ್ಸ್ ಕುಳಿತಿದ್ದರು. ಪರದೆಯ ಮೇಲೆ ಔಷಧಿಗಳ ಪಟ್ಟಿ ತೆರೆದುಕೊಂಡಿತು.

"ಎಲ್ಲಾ ಮಾತ್ರೆಗೂ ಒಟ್ಟಿಗೇ 'ಕೊಟ್ಟಾಯಿತು' ಅಂತ ಒತ್ತೋ ಬಟನ್ ಇತ್ತಲ್ಲ? ಅದನ್ಯಾರು ತೆಗೆದಿದ್ದು?" ಎಂದರು ನರ್ಸ್.

ತಂಡದವರಿಗೆ ನೆನಪಿಲ್ಲ, ಆ ಹಲಗೆ ಒರೆಸಿ ಎಷ್ಟೋ ದಿನವಾಗಿತ್ತು. ಗಡಿಬಿಡಿಯೂ ತಡವರಿಸಿದ.

"ಇದಕ್ಕೇ ಕಡತ ಬೇಕು ಅನ್ನೋದು," ಎಂದರು ನಿರ್ದೇಶಕರು. "ಸಾಕು, ಹಳೇ ದಾರಿಗೇ ಹೋಗೋಣ."

ಸುಮ್ಮನಿದ್ದರೆ ಅವಳ ಕೆಲಸ ಉಳಿಯುತ್ತಿತ್ತು. ಅದು ಹೊಳೆಯದೆ ಇರಲಿಲ್ಲ. ಆದರೆ ಮೂರು ತಿಂಗಳಿಂದ ದಿನಾ ತನಗೂ ಜಾಗ ಬಿಟ್ಟು ನಿಂತಿದ್ದವರ ಮುಖಗಳು ಎದುರಿಗಿದ್ದವು.

"ಸರ್, ಒಂದು ನಿಮಿಷ," ಎಂದಳು, ಪುಟ ತಿರುವುತ್ತ. "ಮೂರನೇ ಸುತ್ತು, ಬುಧವಾರ. ಸಿಸ್ಟರ್, ನೋಡೋಕೆ ಬಂದಾಗ ನೀವೇ ಹೇಳಿದ್ರಿ. ರೋಗಿ ಒಂದು ಮಾತ್ರೆ ಬೇಡ ಅಂದಿದ್ರೂ ಆ ಬಟನ್ ಒತ್ತಿದ್ರೆ ಎಲ್ಲ ನುಂಗಿದ ಹಾಗೇ ತೋರಿಸತ್ತೆ, ಮೊದಲು ಅದನ್ನ ತೆಗೀರಿ ಅಂತ."

"ಅಯ್ಯೋ, ಕಳ್ಳಿ ನಾನೇನಾ!" ನರ್ಸ್ ಹಣೆ ಚಚ್ಚಿಕೊಂಡರು. "ತೆಗೆದಿದ್ದು ಒಳ್ಳೇದೇ ಆಯ್ತು."

ನಿರ್ದೇಶಕರು ಕೈ ಚಾಚಿ ಹನ್ನೊಂದು ಪುಟವನ್ನೂ ಇಸಿದುಕೊಂಡು ಅಲ್ಲೇ ಓದಿದರು.

"ಹಾಗಾದ್ರೆ ಇಷ್ಟು ವರ್ಷ ಇನ್ನೂರು ಪುಟ ಯಾಕಮ್ಮ ಬರೆದ್ರಿ?"

"ನೀವು ಕೇಳ್ತಿದ್ರಿ, ಸರ್."

ನರ್ಸ್ ಕಿಸಕ್ಕನೆ ನಕ್ಕರು. ನಿರ್ದೇಶಕರೂ ನಗಬೇಕಾಯಿತು. "ಸರಿ, ಇದೇ ನಡೀಲಿ. ಆದ್ರೆ ಪ್ರತಿ ಸುತ್ತಿಗೂ ಇವರು ಇರಬೇಕು, ಇವರಿಲ್ಲದೆ ನನ್ನ ಒಪ್ಪಿಗೆ ಇಲ್ಲ. ನಾಳೆ ನಾನೂ ಬರ್ತೀನಿ. ನಿಂತೇ ಮಾಡೋ ಸಭೆಯಂತೆ, ನಾನೆಲ್ಲಿ ನಿಂತ್ಕೋಬೇಕು?"

ಹೊರಗೆ ಮೆಟ್ಟಿಲ ಬಳಿ ಅವಳು ಗಡಿಬಿಡಿಯನ್ನು ತಡೆದಳು. "ನನ್ನನ್ನೇ ಯಾಕೆ ಕರೆದೆ?"

"ನಾನು ಸೇರಿದ ವರ್ಷ ನಿಮ್ಮ ಕಡತ ಪೂರ್ತಿ ಓದಿದ್ದೆ ಅಕ್ಕ. ಕೆಲಸ ಕಲಿತಿದ್ದೇ ಅದರಿಂದ. ನಿಮ್ಮನ್ನ ಬಿಟ್ಟು ಹೊಸದು ಶುರುಮಾಡೋಕೆ ಧೈರ್ಯ ಬರಲಿಲ್ಲ."

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಎರಡೆರಡು ಮೆಟ್ಟಿಲು ಹಾರಿ ಕೆಳಗೆ ತಲುಪಿದ್ದ.

"ನಿನಗೆ ಒಳ್ಳೇದಾಗ್ಲಿ ಕಣೋ!" ಎಂದು ಅವಳು ಮೇಲಿನಿಂದಲೇ ಕೂಗಿದಳು. ಕೆಳಗಿನ ಮಹಡಿಯವರು ತಲೆಯೆತ್ತಿ ನೋಡಿದರು. ನೋಡಲಿ ಎನಿಸಿತು ಅವಳಿಗೆ.