ಸೊಣ್ಣಮ್ಮನ ಪಾಲಿನ ರೊಟ್ಟಿ

"ಹಿಡ್ಕೋ!" ಎಂದು ಸೋಮಪ್ಪ ಕೂಗುವಷ್ಟರಲ್ಲಿ ಮೊಪೆಡ್ಡು ಗುಂಡಿಗೆ ಇಳಿದಾಗಿತ್ತು. ಹಿಂದೆ ಕೂತಿದ್ದ ರುಕ್ಮವ್ವ ಸೀಟಿನಿಂದ ಗೇಣು ಮೇಲೆದ್ದು, ತೊಡೆಯ ಮೇಲಿದ್ದ ದೊಡ್ಡ ಡಬ್ಬಿಯನ್ನು ಎದೆಗವಚಿಕೊಂಡು, ಮತ್ತೆ ದೊಪ್ಪನೆ ಕೂತಳು. ಡಬ್ಬಿಯೊಳಗಿನಿಂದ ಪಟಪಟ ಸದ್ದು ಬಂತು. ನಸುಕಿಗೇ ಎದ್ದು ಬಡಿದು, ಬೇಯಿಸಿ, ಒಲೆಯ ಸುತ್ತ ನಿಲ್ಲಿಸಿ ಒಣಗಿಸಿದ ಖಡಕ್ ಜೋಳದ ರೊಟ್ಟಿಗಳು ಮುರಿಯುವ ಸದ್ದು ಅದು.

"ಹೋದುವೇನು?" ಎಂದ ಸೋಮಪ್ಪ, ತಿರುಗಿ ನೋಡದೆಯೇ.

"ಹೋದುವು. ನಿಮಗ ಗುಂಡಿ ಕಾಣಲಿಲ್ಲೇನು?"

"ಕಾಣ್ತು. ತಪ್ಪಿಸಾಕ ರಸ್ತಾ ಎಲ್ಲೈತಿ?"

ಅದೂ ನಿಜವೇ. ಮಾದನಾಯಕನಹಳ್ಳಿಯ ಆ ಬೀದಿಗೆ ಎರಡೂ ಕಡೆ ಗೋದಾಮುಗಳ ಗೋಡೆ. ನಡುವಿನ ರಸ್ತೆಯನ್ನು ಗುಂಡಿಯೊಂದು ಹೆಚ್ಚುಕಡಿಮೆ ಪೂರ್ತಿ ನುಂಗಿಕೊಂಡಿತ್ತು. ಇಳಿದು ನಡೆದೇ ದಾಟೋಣವೆಂದು ಒಂದು ದಿನ ಜಾಣತನ ಮಾಡಿದ ರುಕ್ಮವ್ವ ಕೆಸರಿನಲ್ಲಿ ಜಾರಿ, ಡಬ್ಬಿಯ ಸಮೇತ ಕೂತುಬಿಟ್ಟಿದ್ದಳು. ಹಿಂದೆ ಹಾರನ್ ಹೊಡೆಯುತ್ತಿದ್ದ ಲಾರಿಯವನು ಹಾರನ್ ನಿಲ್ಲಿಸಿ ನಕ್ಕಿದ್ದ.

ಹೆದ್ದಾರಿಯ ಆಚೆಗಿನ ಹಾಸ್ಟೆಲ್ಲಿನಲ್ಲಿ ಕಾರ್ಖಾನೆಗಳಿಗೆ ಹೋಗುವ ಹುಡುಗರಿದ್ದರು. ಹೆಚ್ಚಿನವರು ಬಾಗಲಕೋಟೆ, ಕೊಪ್ಪಳದ ಕಡೆಯವರು; ರೊಟ್ಟಿಯಿಲ್ಲದೆ ಅವರಿಗೆ ಊಟವಾದಂತೆ ಅನ್ನಿಸುತ್ತಿರಲಿಲ್ಲ. ಅಡುಗೆಮನೆ ನೋಡಿಕೊಳ್ಳುವ ಪ್ರಸನ್ನ ಡಬ್ಬಿ ತೆರೆದ. ಮೇಲಿನ ಕೆಲವು ರೊಟ್ಟಿ ನೆಟ್ಟಗಿದ್ದವು. ಕೆಳಗೆಲ್ಲ ಚೂರು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ," ಎಂದ. "ರುಚಿ ಬಗ್ಗೆ ಎರಡು ಮಾತಿಲ್ಲ. ಆದ್ರೆ ತಟ್ಟೆಗೆ ಪುಡಿ ಬಡಿಸಿದ್ರೆ ಹುಡುಗ್ರು ನನ್ನನ್ನ ಆಡ್ಕೋತಾರೆ. ಓನರು ಚಪಾತಿ ಮೆಷಿನ್ ತರಿಸೋಣ ಅಂತಿದಾರೆ. ಈ ತಿಂಗಳು ನೋಡ್ತೀನಿ, ಅಷ್ಟೇ."

ರುಕ್ಮವ್ವ ಚೂರುಗಳಿದ್ದ ಡಬ್ಬಿಯ ಮುಚ್ಚಳ ಹಾಕಿ ವಾಪಸು ತೆಗೆದುಕೊಂಡಳು. ಗಾರೆ ಕೆಲಸದಲ್ಲಿ ಗಂಡ ಸೋಮಪ್ಪನ ಸೊಂಟ ಹಿಡಿದುಕೊಂಡ ಮೇಲೆ ಇಬ್ಬರ ಬದುಕೂ ಈ ಡಬ್ಬಿಯ ಮೇಲೆಯೇ ನಿಂತಿತ್ತು. ಅದಕ್ಕಿಂತ ಹೆಚ್ಚಾಗಿ, ಊರು ಬಿಟ್ಟು ಬಂದಾಗಿನಿಂದ ಮೊದಲ ಸಲ ಅವಳ ಕೈಗೊಂದು ಹೆಸರು ಬಂದಿತ್ತು. ಹಾಸ್ಟೆಲ್ ಹುಡುಗರು ದಾರಿಯಲ್ಲಿ ಕಂಡರೆ "ರೊಟ್ಟಿ ಅಕ್ಕಾರ, ಆರಾಮ?" ಎಂದು ಕೇಳುತ್ತಿದ್ದರು. ಅದನ್ನು ಮೆಷಿನ್ನಿಗೆ ಬಿಟ್ಟುಕೊಡುವುದೆಂದರೆ ಅವಳಿಗೆ ಅಳುವೇ ಬರುವಂತಾಯಿತು.

ಮುರಿದ ರೊಟ್ಟಿಯಿಂದ ಸುಖಪಟ್ಟವರು ಜಗತ್ತಿನಲ್ಲಿ ಒಬ್ಬರೇ: ಗಂಡಹೆಂಡಿರಿದ್ದ ಬಾಡಿಗೆಮನೆಯ ಒಡತಿ ಸೊಣ್ಣಮ್ಮ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟರೂ ಮುದುಕಿ ಹಸುವೊಂದನ್ನು ಬಿಟ್ಟಿರಲಿಲ್ಲ. ಹಲ್ಲುಗಳು ಮಾತ್ರ ಅವಳನ್ನು ಬಿಟ್ಟಿದ್ದವು. ದಿನಾ ಸಂಜೆ ಸ್ಟೀಲಿನ ಬಟ್ಟಲು ಹಿಡಿದು ಬಂದು, "ಏನಾರ ಮುರ್ದೈತಾ ರುಕ್ಮವ್ವಾ?" ಎಂದು ಕೇಳುವಳು. ಚೂರುಗಳನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ಕಣ್ಣು ಮುಚ್ಚಿಕೊಂಡು ತಿನ್ನುವಳು.

ಗುಂಡಿಯ ಫೋಟೋ ತೆಗೆದು, ಫೋನಿನಲ್ಲೇ ದೂರು ಕೊಟ್ಟವಳು ಸೊಣ್ಣಮ್ಮನ ಸೊಸೆ ಲಾವಣ್ಯ. ಸ್ವಲ್ಪ ದಿನದಲ್ಲೇ ಅವಳು ಓಡಿ ಬಂದಳು. "ಅಕ್ಕಾ, ಇಂಜಿನಿಯರ್ ಮೇಡಂ ಗುರುವಾರ ಖುದ್ದು ನೋಡೋಕೆ ಬರ್ತಾರಂತೆ ಕಣ್ರೀ!"

ಆ ರಾತ್ರಿ ರುಕ್ಮವ್ವ ಹಿಟ್ಟು ಜರಡಿ ಹಿಡಿಯುತ್ತ ಹಾಡು ಗುನುಗಿದಳು. ಸೋಮಪ್ಪ ಅದನ್ನು ಕೇಳಿಯೂ ಕೇಳದವನಂತೆ ಮಲಗಿದ.

ಗುರುವಾರ ಹಾಸ್ಟೆಲ್ಲಿಗೆ ರೊಟ್ಟಿ ಕೊಟ್ಟು ವಾಪಸು ಬರುವಾಗ, ಗುಂಡಿಯ ಜಾಗ ಹತ್ತಿರವಾಗುತ್ತಿದ್ದಂತೆ ರುಕ್ಮವ್ವ ರೂಢಿಯಂತೆ ಸೀಟಿನಿಂದ ಮೇಲೆದ್ದಳು. ಏನೂ ಆಗಲಿಲ್ಲ. ಸೋಮಪ್ಪ ಬ್ರೇಕು ಹಾಕಿದ. ಗುಂಡಿಯೇ ಇಲ್ಲ! ಅದಿದ್ದಲ್ಲಿ ಕೆಂಪು ಮಣ್ಣು ತುಂಬಿ, ಮೇಲೆ ಸಗಣಿ ನೀರು ಚಿಮುಕಿಸಿ, ಸಾರಿಸಿ, ಯಾರೋ ತಾವರೆಯ ರಂಗೋಲಿ ಬಿಡಿಸಿದ್ದರು. ಓಡಾಡುವವರೆಲ್ಲ ರಂಗೋಲಿ ತುಳಿಯಬಾರದೆಂದು ಮಣ್ಣು ಬಿದ್ದು ದಾರಿಯಾದ ಗೋಡೆಯ ಅಂಚು ಹಿಡಿದೇ ಹೋಗುತ್ತಿದ್ದರು. ಸೋಮಪ್ಪನ ಮೊಪೆಡ್ಡೂ ಹಾಗೆಯೇ ಅಂಚಿನಲ್ಲಿ ದಾಟಿತ್ತು.

ಸೊಣ್ಣಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಅಲ್ಲೇ ಮುಂದಿದ್ದ ತನ್ನ ಮನೆ ಬಾಗಿಲಲ್ಲೇ ನಿಂತಿದ್ದಳು. ಮುಖದಲ್ಲಿ ಹಬ್ಬದ ಕಳೆ.

"ಎಂಗೈತೆ? ಆಪೀಸರು ನಮ್ ಬೀದಿಗ್ ಬತ್ತಾರೆ ಅಂದ್ಮೇಲೆ ಗಲೀಜಾಗಿ ಇಟ್ಕೊಳ್ಳೋಕಾಯ್ತದಾ? ನೀವಿಬ್ರೂ ಅತ್ಲಾಗ್ ಒಂಟ್ಮೇಲೆ ಆಳು ಇಟ್ಟು ಮಣ್ಣು ತುಂಬಿಸ್ದೆ ಕಣವ್ವಾ."

"ಯವ್ವಾ, ಅವರು ಗುಂಡಿ ನೋಡಾಕ ಬರಾಕತ್ತಿದ್ರಲ್ಲ!" ರುಕ್ಮವ್ವ ಮೊಪೆಡ್ಡಿನಿಂದ ಇಳಿದಳು.

"ಬಂದಾಯ್ತು. ಒಳ್ಗೆ ಕಾಪಿ ಕುಡೀತಾವ್ರೆ."

ನಿವೇದಿತಾ ಎಂಬ ಆ ಇಂಜಿನಿಯರ್ ಚಿಕ್ಕ ವಯಸ್ಸಿನವಳು. ಬಿಸಿಲಲ್ಲಿ ಸುತ್ತಿ ಸುತ್ತಿ ಮುಖ ಬಾಡಿತ್ತು. ರುಕ್ಮವ್ವನಿಗೆ ಸೊಣ್ಣಮ್ಮನ ಮೇಲೆ ಸಿಟ್ಟು ಬಂದಿತ್ತು. ಆದರೆ ಗುರುತು ಪರಿಚಯವಿಲ್ಲದ ಕಾಲದಲ್ಲಿ ಮನೆ ಕೊಟ್ಟ ಮುದುಕಿಯನ್ನು ಹೊರಗಿನವರೆದುರು ಬೈಯುವುದು ಹೇಗೆ? ಮೆಲ್ಲಗೆ ಹೇಳಿದಳು: "ಮೇಡಂ, ಗುಂಡಿ ಆ ರಂಗೋಲಿ ಕೆಳಗೈತ್ರಿ. ಭಾಳ ದೊಡ್ಡದೈತ್ರಿ."

"ಅಜ್ಜಿ ಹೇಳಿದ್ರು. ಸದ್ಯ ಮುಚ್ಚಿದೆಯಲ್ಲಮ್ಮ," ನಿವೇದಿತಾ ಬೇಸರಿಸದೆ ಎಂದಳು. "ಬಾಯ್ತೆರ್ಕೊಂಡಿರೋ ಗುಂಡಿಗಳು ಬೇಕಾದಷ್ಟಿವೆ. ಮೊದಲು ಅವು. ಇದನ್ನ ಮಳೆಗಾಲ ಮುಗಿದ್ಮೇಲೆ ನೋಡೋಣ."

ಅಷ್ಟೇ. ಕತೆ ಮುಗಿಯಿತು. ಆದರೂ ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ರುಕ್ಮವ್ವನಿಂದಾಗದು. ಪಕ್ಕದ ತನ್ನ ಮನೆಗೆ ಹೋಗಿ ಒಂದಿಷ್ಟು ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ನಿವೇದಿತಾ ಬೇಡಬೇಡವೆನ್ನುತ್ತಲೇ ತೆಗೆದುಕೊಂಡು, ಸ್ಕೂಟರಿಗೆ ತೂಗುಹಾಕಿ ಹೊರಟಳು.

ರಂಗೋಲಿಯ ಪಕ್ಕಕ್ಕೆ ಬಂದಾಗ ಎದುರಿಗೊಂದು ಟೆಂಪೊ ನುಗ್ಗಿತು. ಅಂಚಿನಲ್ಲಿ ಜಾಗವಿಲ್ಲದೆ ಅವಳು ಸ್ಕೂಟರನ್ನು ನೇರ ತಾವರೆಯ ನಡುವಿಗೆ ತಿರುಗಿಸಿದಳು.

"ಅಯ್ಯೋ, ರಂಗೋಲಿ!" ಎಂದು ಸೊಣ್ಣಮ್ಮ ಚೀರಿದಳು.

ಸಗಣಿ ನೀರು ಕುಡಿದು ಮೆತ್ತಗಾಗಿದ್ದ ಮಣ್ಣು ಬಾಯಿ ಬಿಟ್ಟಿತು. ಮುಂದಿನ ಚಕ್ರ ಅರ್ಧ ಹೂತುಹೋಯಿತು. ಊರಲೆಂದು ಇಟ್ಟ ನಿವೇದಿತಾಳ ಕಾಲು ಮೊಣಕಾಲಿನವರೆಗೆ ಇಳಿಯಿತು. ರೊಟ್ಟಿಯ ಕಟ್ಟು ಹ್ಯಾಂಡಲ್ಲಿಗೆ ಬಡಿದು, ಪಟಪಟ ಎಂದಿತು.

ಎಲ್ಲರೂ ಓಡಿದರು. ಸೋಮಪ್ಪ ಸ್ಕೂಟರು ಹಿಡಿದ, ಲಾವಣ್ಯ ಮೇಡಂ ಕೈ ಹಿಡಿದಳು. ರುಕ್ಮವ್ವ ಮಾತ್ರ ಕಟ್ಟು ಬಿಚ್ಚಿ ನೋಡಿ, ತಡೆಯಲಾರದೆ ಅಂದಳು: "ನೋಡ್ರಿ ಮೇಡಂ, ದಿನಾ ಹಿಂಗ ಆಗ್ತಾವ್ರಿ!"

ನಿವೇದಿತಾ ಪುಡಿಯನ್ನೊಮ್ಮೆ, ತನ್ನ ಕಾಲನ್ನೊಮ್ಮೆ ನೋಡಿದಳು. ಆಮೇಲೆ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಲಾವಣ್ಯ ಅವ್ರೇ, ಈಗೊಂದು ಫೋಟೋ ತೆಗೀರಿ. ಕಾಲು ಎಳ್ಕೊಳ್ಳಲ್ಲ, ಇರಿ. ಎಷ್ಟು ಆಳ ಅಂತ ನಮ್ಮ ಸಾಹೇಬ್ರಿಗೂ ಗೊತ್ತಾಗ್ಲಿ."

ಸೊಣ್ಣಮ್ಮ ಬಿಂದಿಗೆ ನೀರು ತಂದು, ಬೇಡವೆಂದರೂ ಕೇಳದೆ, ಅವಳ ಕಾಲು ತೊಳೆದಳು. "ಗಟ್ಟಿ ಮಣ್ಣೇ ಆಕ್ಸಿದ್ನಲ್ಲವ್ವಾ," ಎಂದು ಗೊಣಗುತ್ತಲೇ ಇದ್ದಳು.

"ಬ್ಯಾರೆ ರೊಟ್ಟಿ ಈಗ ಕೊಡೂದಿಲ್ರಿ," ಎಂದಳು ರುಕ್ಮವ್ವ, ಅವಳಿಗೂ ನಗು ಬಂದಿತ್ತು. "ರಸ್ತಾ ಆಗ್ಲಿ, ಇಡೀ ರೊಟ್ಟಿ ಕೊಡ್ತೀನಿ."

"ಹಾಗಾದ್ರೆ ಬೇಗ ಮಾಡಿಸ್ಬೇಕು," ಎಂದಳು ನಿವೇದಿತಾ.

ಮಾಡಿಸಿಯೂ ಮಾಡಿಸಿದಳು. ತಿಂಗಳು ಮುಗಿಯುವುದರೊಳಗೆ ಬೀದಿಗೆ ಜಲ್ಲಿ ಬಂತು, ಡಾಂಬರು ಬಂತು, ರೋಲರ್ ಬಂತು. ಸೊಣ್ಣಮ್ಮ ಕೆಲಸದವರಿಗೆಲ್ಲ ಮಜ್ಜಿಗೆ ಕೊಟ್ಟಳು. ನಿವೇದಿತಾ ತನ್ನ ಪಾಲಿನ ಇಡೀ ರೊಟ್ಟಿಗಳನ್ನು ಕೇಳಿ ಪಡೆದುಕೊಂಡು ಹೋದಳು. ಹೊಸ ರಸ್ತೆಯ ಮೇಲೆ ಮೊದಲ ದಿನ ಸೋಮಪ್ಪ ಮದುವೆ ಮೆರವಣಿಗೆಯ ಠೀವಿಯಲ್ಲಿ ಮೊಪೆಡ್ಡು ಓಡಿಸಿದ. ಹಾಸ್ಟೆಲ್ಲಿನಲ್ಲಿ ಪ್ರಸನ್ನ ಡಬ್ಬಿಯ ತಳದವರೆಗೂ ಕೈಹಾಕಿ ನೋಡಿ, ತಲೆ ಎತ್ತಿದ.

"ಒಂದೂ ಮುರಿದಿಲ್ವಲ್ಲಕ್ಕಾ! ಮೆಷಿನ್ ಬೇಡ ಅಂತ ಓನರಿಗೆ ಇವತ್ತೇ ಹೇಳ್ತೀನಿ."

ರುಕ್ಮವ್ವನಿಗೆ ಅಲ್ಲೇ ಕುಣಿಯಬೇಕೆನ್ನಿಸಿತು. ಗಂಡ ಏನಂದುಕೊಂಡಾನೋ ಎಂದು ಸುಮ್ಮನಾದಳು. ನೋಡಿದರೆ ಅವನೇ ಹಲ್ಲು ಕಿಸಿದು ನಿಂತಿದ್ದ.

ಸಂಜೆ ಸೊಣ್ಣಮ್ಮ ರೂಢಿಯಂತೆ ಬಟ್ಟಲು ಹಿಡಿದು ಬಂದಳು. "ಏನಾರ ಮುರ್ದೈ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಬಟ್ಟಲು ಸೆರಗಿನ ಮರೆಗೆ ಸರಿಯಿತು.

"ಇಲ್ಲ ಬುಡು. ಮುರೀಬಾರ್ದು ಅಂತ್ಲೇ ಅಲ್ವಾ ಇಷ್ಟೆಲ್ಲಾ ಮಾಡಿದ್ದು. ಸುಮ್ಕೆ ಇಂಗೇ ಬಂದೆ."

ರುಕ್ಮವ್ವ ಒಲೆಯ ಪಕ್ಕ ನಿಲ್ಲಿಸಿದ್ದ ರೊಟ್ಟಿಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿಕೊಂಡಳು. ದುಂಡಗೆ, ತೆಳ್ಳಗೆ, ಎಲ್ಲೂ ಬಿರುಕಿರಲಿಲ್ಲ. ಹೊರಗೆ ಬಂದು ಮುದುಕಿಯ ಸೆರಗಿನೊಳಗಿನಿಂದ ಬಟ್ಟಲು ಎಳೆದುಕೊಂಡಳು. ಅದರ ಮೇಲೆ ರೊಟ್ಟಿ ಹಿಡಿದು, ಎರಡೂ ಕೈಯಿಂದ ಪಟ್ಟನೆ ಮುರಿದಳು.